ಏನೂ ಬೆಳೆದಿಲ್ಲ

‘ಮೊದಲು ಸ್ಯಾಂಪಲ್, ಆಮೇಲೆ ಆಂಟಿಬಯೋಟಿಕ್’ ಎಂದು ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆಯುವಾಗ ಸೀಮೆಸುಣ್ಣ ಮುರಿಯಿತು. ಮುರಿದ ತುಂಡು ನೆಲಕ್ಕೆ ಬಿದ್ದು, ಬೆಂಚುಗಳ ನಡುವಿನ ದಾರಿಯಲ್ಲಿ ಉರುಳಿಕೊಂಡು ಹಿಂದಕ್ಕೆ ಹೋಯಿತು. ಅವಳು ಅದು ನಿಂತ ಜಾಗ ನೋಡಲಿಲ್ಲ. ಯಾರೂ ಕೂರದ ಕೊನೆಯ ಬೆಂಚಿನಲ್ಲಿ ಮಾವ ಕೂತಿರುತ್ತಾರೆಂದು ಅವಳಿಗೆ ಗೊತ್ತಿತ್ತು. ಸತ್ತು ವರ್ಷಗಳಾದ ಮನುಷ್ಯ ನರ್ಸಿಂಗ್ ಕಾಲೇಜಿನ ಕ್ಲಾಸಿಗೆ ಬರುವುದಿಲ್ಲವೆಂಬುದೂ ಗೊತ್ತಿತ್ತು. ಆದರೂ ಈ ವಾರವೆಲ್ಲ, ಕೊರಳಿಗೆ ಅಳತೆಯ ಟೇಪು ಇಳಿಬಿಟ್ಟುಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು, ಸೊಸೆ ಏನು ಹೇಳುತ್ತಾಳೋ ನೋಡೋಣ ಎಂಬಂತೆ ಅವರು ಅಲ್ಲಿ ಕೂತಿರುತ್ತಿದ್ದರು. ಟೈಲರ್ ಆಗಿದ್ದವರು. ಎದುರಿಗೆ ನಿಂತವರ ಭುಜದ ಅಗಲವನ್ನು ಕಣ್ಣಲ್ಲೇ ಅಳೆದು, ಆಮೇಲೆ ಟೇಪು ಹಿಡಿದು, ‘ನಾನು ಹೇಳಿದ್ದೇ ಸರಿ’ ಎನ್ನುತ್ತಿದ್ದವರು. ಮದುವೆಯಾಗಿ ಅವರ ಮನೆಗೆ ಬಂದ ದಿನ ತನ್ನನ್ನೂ ಹಾಗೆಯೇ ಅಳೆದಿದ್ದರು ಎಂದು ಅವಳಿಗೆ ನೆನಪಾಯಿತು. ಬೋರ್ಡಿನ ಕಡೆ ಮುಖ ಮಾಡಿಯೇ ಇನ್ನೊಂದು ಸಲ ಅಡಿಗೆರೆ ಎಳೆದಳು.

‘ಯಾಕೆ ಮೇಡಂ?’ ಎಂಬ ದನಿ ಬಂತು. ನೋಡದೆಯೇ ಯಾರೆಂದು ಹೇಳಬಹುದಿತ್ತು. ಪ್ರತಿ ಮಾತಿಗೂ ಯಾಕೆ ಎನ್ನುವ ಹುಡುಗಿಗೆ ಜೊತೆಯವರು ಯಾಕಮ್ಮ ಎಂದು ಹೆಸರಿಟ್ಟು, ಈಗ ವಾರ್ಡಿನ ಸಿಸ್ಟರುಗಳೂ ಹಾಗೇ ಕರೆಯುತ್ತಿದ್ದರು. ‘ಜ್ವರದಲ್ಲಿ ಒದ್ದಾಡ್ತಿರೋರಿಗೆ ಮೊದಲು ಒಂದು ಡೋಸ್ ಕೊಟ್ಟು, ಆಮೇಲೆ ರಕ್ತನೋ ಮೂತ್ರನೋ ತಗೊಂಡ್ರೆ ಏನಾಗುತ್ತೆ?’ ಕ್ಲಾಸು ನಕ್ಕಿತು. ಅವಳೂ ನಕ್ಕು, ‘ಏನೂ ಬೆಳೆಯಲ್ಲ’ ಎಂದಳು. ‘ಮೈಯೊಳಗೆ ರೋಗಾಣು ಸತ್ತಿರಲ್ಲ. ಪೆಟ್ಟು ತಿಂದು ಸುಸ್ತಾಗಿರುತ್ತೆ, ಅಷ್ಟೆ. ಲ್ಯಾಬಿನವರು ತಟ್ಟೇಲಿ ಹಾಕಿ ಬೆಚ್ಚಗಿಟ್ಟು ಕಾಯ್ತಾರೆ. ಬೆಳೆಯಲ್ಲ. ಏನೂ ಬೆಳೆದಿಲ್ಲ ಅಂತ ರಿಪೋರ್ಟ್ ಬರುತ್ತೆ. ಕಾಯಿಲೆ ಇರುತ್ತೆ, ಕಾಗದದಲ್ಲಿ ಇರಲ್ಲ.’ ‘ಅದನ್ನ ನಂಬಿ ಡಾಕ್ಟರ್ ಔಷಧಿ ನಿಲ್ಲಿಸಿಬಿಟ್ರೆ?’ ಎಂದಳು ಯಾಕಮ್ಮ. ಅದಕ್ಕೇ ಕಣೇ ನಿನ್ನೆಯಿಂದ ನನಗೆ ಅನ್ನ ಸೇರುತ್ತಿಲ್ಲ ಎಂದು ಹೇಳುವಂತಿರಲಿಲ್ಲ. ‘ತಿರುಗಿ ಬರುತ್ತೆ. ವಯಸ್ಸಾದವರಾದ್ರೆ ರಕ್ತಕ್ಕೇ ಇಳಿಯಬಹುದು. ಆಮೇಲೆ ಕೈಗೆ ಸಿಗಲ್ಲ. ಅದಕ್ಕೇ ನಾವು ಕೇಳಬೇಕಾದ್ದು’ ಎಂದು ತಿರುಗಿ ಮತ್ತೆ ಬರೆಯತೊಡಗಿದಳು.

ಕೇಳುವುದು ಹೇಗೆಂಬುದು ಅವಳ ಹೆಮ್ಮೆಯ ಪಾಠ. ಪುಸ್ತಕದಲ್ಲಿ ಇಲ್ಲದ್ದು, ಹತ್ತಾರು ವರ್ಷ ವಾರ್ಡಿನಲ್ಲಿ ನಿಂತು ಅವಳೇ ಕಂಡುಕೊಂಡದ್ದು. ‘ಮಾತ್ರೆ ತಗೊಂಡ್ರಾ ಅಂತ ಕೇಳಬೇಡಿ. ಎಲ್ಲರೂ ಇಲ್ಲ ಅಂತಾರೆ. ಸುಳ್ಳು ಹೇಳ್ತಾರೆ ಅಂತಲ್ಲ, ಮನೇಲಿ ಉಳಿದಿದ್ದ ಮಾತ್ರೆ ಅವರ ಲೆಕ್ಕಕ್ಕೆ ಔಷಧೀನೇ ಅಲ್ಲ. ಮನೇಲಿ ಯಾರು ಏನು ಕೊಟ್ರು ಅಂತ ಕೇಳಿ. ಕೊಟ್ಟವರು ಒಬ್ಬರು ಇದ್ದೇ ಇರ್ತಾರೆ.’ ಹುಡುಗಿಯರು ಬರೆದುಕೊಂಡರು. ಯಾವ ಔಷಧಿ, ಎಷ್ಟು, ಯಾವಾಗ, ಹಿಂದೆ ಯಾವುದಕ್ಕಾದರೂ ಮೈಯೆಲ್ಲ ದದ್ದು ಎದ್ದಿತ್ತೇ ಎಂಬುದೆಲ್ಲ ಅವಳ ಬಾಯಿಂದ ತಾನೇ ತಾನಾಗಿ ಬರುತ್ತಿತ್ತು. ನೆಗಡಿಗೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ರಿಪೋರ್ಟ್ ಬಂದ ಮೇಲೆ ದೊಡ್ಡ ಔಷಧಿಯಿಂದ ತಕ್ಕ ಔಷಧಿಗೆ ಇಳಿಯಬೇಕು. ಬೇಡವಾದದ್ದನ್ನು ಒಂದು ದಿನವೂ ಎಳೆಯಬಾರದು, ಬೇಕಾದದ್ದನ್ನು ಒಂದು ದಿನ ಮೊದಲೂ ಬಿಡಬಾರದು. ಒಬ್ಬರಿಗೆ ಬರೆದುಕೊಟ್ಟದ್ದು ಇನ್ನೊಬ್ಬರದ್ದಲ್ಲ. ಹೇಳೋದು ಶಾಸ್ತ್ರ, ಹಾಕೋದು ಗಾಳ ಎಂದು ಕೊನೆಯ ಬೆಂಚಿನಿಂದ ಮಾವ ಅಂದಂತಾಯಿತು. ಬೆಲ್ಲು ಹೊಡೆಯಿತು.

ಕಾಲೇಜಿಗೂ ಆಸ್ಪತ್ರೆಗೂ ನಡುವೆ ಉದ್ದನೆಯ ಕಾರಿಡಾರಿತ್ತು. ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ಹಿತ್ತಲಲ್ಲಿ ಒಣಗಲು ಹಾಕಿದ ಬಿಳಿ ಹಾಸುಗಳು. ಅಲ್ಲಿ ನಡೆಯುವಾಗ ಯಾವಾಗಲೂ ಒದ್ದೆ ಬಟ್ಟೆಯ ವಾಸನೆ, ಅದರ ಹಿಂದೆ ಫಿನಾಯಿಲಿನ ವಾಸನೆ. ಮಾವನನ್ನು ಸ್ಟ್ರೆಚರಿನಲ್ಲಿ ತಳ್ಳಿಕೊಂಡು ಹೋದದ್ದೂ ಇಲ್ಲಿಯೇ. ಕಾಲಿನ ಒಂದು ಗಾಯ, ಯಾರೂ ಲೆಕ್ಕಕ್ಕಿಡದಂಥದ್ದು. ಪ್ರತಿ ಸಲ ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ಜ್ವರ ಬಿಟ್ಟ ಮಾರನೇ ದಿನ ನಿಲ್ಲಿಸಿ, ಉಳಿದದ್ದನ್ನು ಗುಂಡಿಗಳ ಡಬ್ಬಿಯಲ್ಲಿ ಹಾಕಿಡುತ್ತಿದ್ದರು. ಅಂಗಿಯ ಗುಂಡಿ, ಕೋಟಿನ ಗುಂಡಿ, ಕೊಕ್ಕೆ, ಅವುಗಳ ನಡುವೆ ಅರ್ಧ ಖಾಲಿಯಾದ ಮಾತ್ರೆಯ ಶೀಟುಗಳು. ಅವಳು ಸಿಡುಕಿದರೆ, ‘ಬಟ್ಟೆ ಉಳಿದ್ರೆ ಎಸೀತಾರೇನಮ್ಮಾ? ನಾಳೆ ತೇಪೆಗೆ ಆಗುತ್ತೆ’ ಎನ್ನುತ್ತಿದ್ದರು. ಕೊನೆಗೆ ಬಂದ ರಿಪೋರ್ಟಿನಲ್ಲಿ ಬೆಳೆದದ್ದು ಬಹಳ ಇತ್ತು. ಒಂದೊಂದು ಔಷಧಿಯ ಹೆಸರಿನ ಎದುರಿಗೂ ಇದಕ್ಕೆ ಬಗ್ಗುವುದಿಲ್ಲ ಎಂದೇ ಬರೆದಿತ್ತು. ಅತ್ತೆ ಆ ಕಾಗದವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿ, ‘ಇಷ್ಟೊಂದರಲ್ಲಿ ಒಂದೂ ಇಲ್ವೇನೇ? ನೀನು ಓದಿದೀಯಲ್ಲ’ ಎಂದಿದ್ದರು. ಮಾವ ಹೋದ ಮೇಲೆ ಮನೆಯ ಹಳೆಯ ಸಾಮಾನೆಲ್ಲ ಎಸೆದರೂ ಡಬ್ಬಿಯನ್ನು ಎಸೆಯಲು ಅತ್ತೆ ಬಿಡಲಿಲ್ಲ. ಅವರ ಕೈ ಮುಟ್ಟಿದ ಗುಂಡಿಗಳು, ಇರಲಿ ಬಿಡು, ಎಂದರು. ಇವಳೂ ಬಿಟ್ಟಳು.

ಕಳೆದ ವಾರ ಕಾಲೇಜಿನಲ್ಲಿ ಇನ್‌ಸ್ಪೆಕ್ಷನ್ ಇತ್ತು. ಹೊರಗಿನಿಂದ ಬಂದವರು ಇವಳ ಕ್ಲಾಸಿನಲ್ಲಿ ಕೂರುವವರಿದ್ದರು. ಆ ಬೆಳಿಗ್ಗೆ ಅತ್ತೆಗೆ ನಡುಕ ಬಂತು. ಸೊಂಟದ ಪಕ್ಕದಲ್ಲಿ ನೋವು, ಮೂತ್ರಕ್ಕೆ ಹೋದರೆ ಉರಿ. ಏನೆಂದು ಅವಳಿಗೆ ಗೊತ್ತಾಯಿತು, ಏನು ಮಾಡಬೇಕೆಂಬುದೂ ಗೊತ್ತಿತ್ತು. ಗಂಡ ಶೇವ್ ಮಾಡಿಕೊಳ್ಳುತ್ತ, ‘ನೀನೇ ಇದೀಯಲ್ಲ, ಮತ್ತೆ ಡಾಕ್ಟರ್ ಯಾಕೆ?’ ಎಂದ. ಅವನಿಗೆ ಹೆಂಡತಿಯ ಬಗ್ಗೆ ಅಭಿಮಾನ, ಅದರಿಂದ ಅವನಿಗೊಂದು ಅನುಕೂಲವೂ ಇತ್ತು. ಅವಳಿಗೂ ಆ ಮಾತು ಅನುಕೂಲವಾಗಿ ಕಂಡಿತು. ಡಬ್ಬಿಯನ್ನು ಕೆಳಗಿಳಿಸಿ, ಗುಂಡಿಗಳೊಳಗೆ ಬೆರಳಾಡಿಸಿ, ಹೋದ ಚಳಿಗಾಲದಲ್ಲಿ ಗಂಡನ ಹಲ್ಲುನೋವಿಗೆ ತಂದಿದ್ದ, ಅವನೂ ಅಪ್ಪನ ಹಾಗೆಯೇ ಉಳಿಸಿ ಅಲ್ಲಿಗೆ ಹಾಕಿದ್ದ ಆಂಟಿಬಯೋಟಿಕ್ ಶೀಟನ್ನು ತೆಗೆದಳು. ಶೀಟು ಒಡೆದು ಒಂದು ಮಾತ್ರೆಯನ್ನು ಅತ್ತೆಯ ನಾಲಿಗೆಯ ಮೇಲಿಟ್ಟಳು. ‘ನೀನು ಹೋಗಮ್ಮಾ, ಹೊತ್ತಾಯ್ತು’ ಎಂದರು ಅತ್ತೆ. ಇನ್‌ಸ್ಪೆಕ್ಷನ್ನಿನವರ ಎದುರು ಅವಳು ಅವತ್ತು ಮಾಡಿದ್ದು ಇದೇ ಪಾಠ. ಬಹಳ ಚೆನ್ನಾಗಿತ್ತೆಂದು ಹೇಳಿ ಹೋದರು. ಎರಡು ದಿನ ಜ್ವರ ಇಳಿದೂ ಇಳಿಯದಂತೆ ಇತ್ತು, ಶೀಟು ಖಾಲಿಯಾಯಿತು, ಆಮೇಲೆ ಮಂಚ ಅಲ್ಲಾಡುವಂಥ ನಡುಕ ಬಂತು.

ಅದನ್ನಾದರೂ ಅವಳು ಸಹಿಸಿಕೊಳ್ಳುತ್ತಿದ್ದಳೇನೋ. ತಪ್ಪು ಯಾರ ಮನೆಯಲ್ಲಿ ಆಗುವುದಿಲ್ಲ? ಸಹಿಸಲಾಗದ್ದು ಅಡ್ಮಿಷನ್ನಿನ ಕೋಣೆಯಲ್ಲಿ ನಡೆದದ್ದು. ಡ್ಯೂಟಿ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವನು, ಒಳ್ಳೆಯವನು. ಅಲ್ಲಿ ಇವಳ ವಿದ್ಯಾರ್ಥಿನಿಯರೂ ನಿಂತಿದ್ದರು. ‘ಮನೇಲಿ ಆಂಟಿಬಯೋಟಿಕ್ ಏನಾದ್ರೂ ಕೊಟ್ಟಿದ್ರಾ?’ ಎಂದು ಕೇಳಿ, ತಾನೇ ನಾಲಿಗೆ ಕಚ್ಚಿಕೊಂಡು, ‘ನಿಮ್ಮನ್ನ ಕೇಳ್ತಿದೀನಲ್ಲ ಮೇಡಂ, ಸಾರಿ’ ಎಂದ. ಅವಳು ನಕ್ಕಳು. ‘ಬರೀ ಜ್ವರದ ಮಾತ್ರೆ’ ಎಂದಳು. ಸುಳ್ಳಿಗಿಂತ ಆ ನಗು ಅವಳನ್ನು ಹೆಚ್ಚು ಸುಟ್ಟಿತು. ನಡುಗುತ್ತ ಮಲಗಿದ್ದ ಅತ್ತೆ ಕಣ್ಣು ತೆರೆದು ಇವಳನ್ನು ನೋಡಿ ಮತ್ತೆ ಮುಚ್ಚಿಕೊಂಡರು. ಮಾರನೇ ದಿನ ಹೇಳಿಬಿಡೋಣವೆಂದು ಅವಳು ಅವನ ಕೋಣೆಯ ತನಕ ಹೋದಳು. ಒಳಗೆ ಇನ್ನಿಬ್ಬರು ಡಾಕ್ಟರುಗಳಿದ್ದರು. ‘ಏನು ಮೇಡಂ?’ ಎಂದ. ‘ಅತ್ತೆಯ ಬಿ.ಪಿ. ಮಾತ್ರೆ ಮುಂದುವರಿಸಬೇಕಾ?’ ಎಂದು ಕೇಳಿದಳು. ಅದು ಅವಳಿಗೆ ಗೊತ್ತಿರಬೇಕಾದ ಸಂಗತಿ. ಅವನಿಗೆ ಆಶ್ಚರ್ಯವಾದದ್ದು ಮುಖದಲ್ಲೇ ಕಂಡಿತು.

ವಾರ್ಡಿನ ಬಾಗಿಲಲ್ಲೇ ಸಿಸ್ಟರ್ ಎದುರಾದಳು. ‘ನಿಮ್ಮತ್ತೆ ಮೂತ್ರದ ಕಲ್ಚರ್ ರಿಪೋರ್ಟ್ ಬಂತು ಮೇಡಂ. ಏನೂ ಬೆಳೆದಿಲ್ಲವಂತೆ. ರೌಂಡ್ಸಿಗೆ ಬಂದಾಗ ಡಾಕ್ಟರು ಇಂಜೆಕ್ಷನ್ ನಿಲ್ಲಿಸಿಬಿಡ್ತಾರೆ, ಸಾಯಂಕಾಲ ಮನೆಗೆ ಕರ್ಕೊಂಡು ಹೋಗಿ. ಇನ್ಮೇಲಾದ್ರೂ ಸ್ವಲ್ಪ ನಗಿ!’ ಅವಳು ನಗಲು ನೋಡಿದಳು. ಹೇಳಬೇಕು ಎಂದುಕೊಂಡಳು. ಹೇಳದಿದ್ದರೆ ಔಷಧಿ ನಿಲ್ಲುತ್ತದೆ, ನಿಂತರೆ ಅತ್ತೆ ಮನೆಗೆ ಬರುತ್ತಾರೆ, ಆಮೇಲೆ ಒಂದು ಬೆಳಿಗ್ಗೆ ಮತ್ತೆ ಮಂಚ ಅಲ್ಲಾಡುತ್ತದೆ, ಅವತ್ತು ಯಾರ ಕೈಗೂ ಸಿಗುವುದಿಲ್ಲ. ಹೇಳಿದರೆ? ಮಧ್ಯಾಹ್ನದ ಊಟದ ಹೊತ್ತಿಗೆ ಕಾಲೇಜಿಗೆಲ್ಲ ಗೊತ್ತಾಗುತ್ತದೆ. ದೀಪದ ಬುಡದಲ್ಲೇ ಕತ್ತಲೆ ಎಂದು ಸ್ಟಾಫ್ ರೂಮಿನಲ್ಲಿ ಯಾರಾದರೂ ಅನ್ನುತ್ತಾರೆ, ಹುಡುಗಿಯರು ನಾಳೆ ಬೋರ್ಡಿನ ಕಡೆ ನೋಡುವುದಿಲ್ಲ, ಇವಳ ಕಡೆ ನೋಡುತ್ತಾರೆ. ಒಂದು ಕಡೆ ಒಂದು ಜೀವ, ಇನ್ನೊಂದು ಕಡೆ ತನ್ನ ಮರ್ಯಾದೆ. ತೂಗಲಿಕ್ಕೂ ನಾಚಿಕೆಯಾಗಬೇಕಾದ ಲೆಕ್ಕವದು. ಆದರೂ ತಾನು ತೂಗುತ್ತಿದ್ದೇನೆ ಎಂಬುದು ಅವಳಿಗೆ ಗೊತ್ತಾಗುತ್ತಿತ್ತು, ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಅತ್ತೆಯ ಮಂಚದ ಪಕ್ಕ ಯಾಕಮ್ಮ ಆಗಲೇ ಬಂದು ನಿಂತಿದ್ದಳು. ಈ ವಾರ ಅವಳಿಗೆ ಕೇಸ್ ಬರೆಯಲು ಸಿಕ್ಕಿದ್ದು ಇದೇ ಮಂಚ. ಬಿ.ಪಿ. ಮಾತ್ರೆಯ ಶೀಟನ್ನು ಹೆಬ್ಬೆರಳಿನಿಂದ ಒತ್ತಿ, ಮಾತ್ರೆಯನ್ನು ತೆಗೆದು ಅತ್ತೆಯ ಅಂಗೈಯಲ್ಲಿಡುತ್ತ, ‘ಅಜ್ಜಿ ಕೈಲಿ ಶೀಟ್ ಒಡೆಯಕ್ಕೆ ಆಗೋದೇ ಇಲ್ಲ ಮೇಡಂ. ನಿನ್ನೆ ಅಷ್ಟು ಹೊತ್ತು ಒದ್ದಾಡಿದ್ರು, ಹಲ್ಲಲ್ಲಿ ಕಚ್ಚಕ್ಕೆ ಹೋದ್ರು. ನಾನೇ ಬಂದು ತೆಗೆದು ಕೊಡ್ತೀನಿ’ ಎಂದಳು. ಅತ್ತೆಯ ಬೆರಳುಗಳು ಗೆಣ್ಣಿನಲ್ಲಿ ಊದಿ, ಒಂದು ಪಕ್ಕಕ್ಕೆ ವಾಲಿದ್ದವು. ಮಾವನ ಜೊತೆ ಕೂತು ಒಂದು ಜನ್ಮಕ್ಕಾಗುವಷ್ಟು ಗುಂಡಿ ಹೊಲಿದ ಬೆರಳುಗಳು. ‘ಇವಳು ನಿನ್ನ ಹಾಗಲ್ಲ, ಗದರಿಸಲ್ಲ’ ಎಂದು ಅತ್ತೆ ಸೊಸೆಗೆ ಹೇಳಿ ನೀರು ಕುಡಿದರು. ಈ ಚುಚ್ಚುಮಾತಿನಲ್ಲೇ ಅವರಿಬ್ಬರ ಇಷ್ಟು ವರ್ಷದ ಸಂಸಾರ ನಡೆದಿತ್ತು. ಮನೆಯಲ್ಲಾದರೆ ಇವಳೂ ಒಂದು ಉತ್ತರ ಕೊಡುತ್ತಿದ್ದಳು.

ಯಾಕಮ್ಮ ಲೋಟ ತೊಳೆಯಲು ಹೋದಾಗ ಅತ್ತೆ ದನಿ ತಗ್ಗಿಸಿ ಕೇಳಿದರು. ‘ಏನೂ ಬೆಳೆದಿಲ್ಲವಂತೆ. ಸಿಸ್ಟರ್ ಹೇಳಿದ್ಲು. ಹಾಗಂದ್ರೆ ಒಳ್ಳೇದಾ, ಕೆಟ್ಟದ್ದಾ?’

‘ಒಳ್ಳೇದೇ ಅತ್ತೆ.’

‘ನಿನ್ನ ಮುಖ ನೋಡಿದ್ರೆ ಹಾಗನ್ಸಲ್ಲ.’

ಅವಳು ಹಾಸಿಗೆಯ ಅಂಚನ್ನು ಸರಿಮಾಡಿದಳು. ಮೂಲೆಯನ್ನು ಮಡಚಿ ಒಳಗೆ ಸಿಕ್ಕಿಸಿದಳು, ಸರಿಯಾಗಿದ್ದ ಇನ್ನೊಂದು ಮೂಲೆಯನ್ನೂ ಬಿಚ್ಚಿ ಮತ್ತೆ ಮಡಚಿದಳು. ‘ಅವರದ್ದು ಬಹಳ ಬೆಳೆದಿತ್ತು, ಅದು ಕೆಟ್ಟದ್ದು ಅಂದ್ರು. ನಂದು ಬೆಳೆದೇ ಇಲ್ಲ, ಅದಕ್ಕೂ ನೀನು ಹೀಗೆ ಮಾಡ್ತಿದೀಯ’ ಎಂದರು ಅತ್ತೆ. ಆಮೇಲೆ, ‘ಆ ಮಾತ್ರೆಯಿಂದಾನಾ?’ ಎಂದರು. ಇವಳು ಅತ್ತೆಯ ಮುಖದಲ್ಲಿ ಸಿಟ್ಟು ಬರಲಿ ಎಂದು ಕಾದಳು. ಸಿಟ್ಟು ಬಂದಿದ್ದರೆ ಬಾಯಿ ಬಿಡಲು ಸುಲಭವಾಗುತ್ತಿತ್ತು. ಅತ್ತೆ ಕಿಟಕಿಯ ಕಡೆ ತಿರುಗಿ, ‘ಅವರಿಗೆ ಹೇಳ್ತಾನೇ ಇದ್ದೆ, ಗುಂಡಿ ಜೊತೆ ಅದನ್ನ ಇಡಬೇಡಿ ಅಂತ’ ಎಂದರು. ಕಿಟಕಿಯ ಪಕ್ಕದ ಖಾಲಿ ಸ್ಟೂಲಿನ ಮೇಲೆ ಯಾರೂ ಇರಲಿಲ್ಲ. ಇಬ್ಬರೂ ಅದನ್ನೇ ನೋಡುತ್ತಿದ್ದರು.

ಡಾಕ್ಟರು ಬಂದ, ಹಿಂದೆ ಸಿಸ್ಟರ್, ಅವಳ ಹಿಂದೆ ಹುಡುಗಿಯರ ಸಾಲು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ ಅವಳ ಕೈ ತಾನಾಗಿ ಕೋಟಿನ ಮೇಲಿದ್ದ ಹೆಸರಿನ ಬಿಲ್ಲೆಗೆ ಹೋಯಿತು. ಡಾಕ್ಟರು ಚಾರ್ಟ್ ನೋಡಿದ, ಅತ್ತೆಯ ಸೊಂಟದ ಪಕ್ಕ ಮೆಲ್ಲಗೆ ತಟ್ಟಿದ. ‘ಜ್ವರ ಇಳಿದಿದೆ, ಕಲ್ಚರ್ ಕ್ಲೀನ್. ವೈರಲ್ ಇರಬಹುದು ಅನ್ಸುತ್ತೆ. ಸುಮ್ನೆ ಆಂಟಿಬಯೋಟಿಕ್ ಎಳೆಯೋದು ಬೇಡ ಮೇಡಂ, ನಿಲ್ಲಿಸಿಬಿಡೋಣ. ನೀವೇ ಪಾಠ ಮಾಡೋದಲ್ವಾ ಇದನ್ನ?’ ಎಂದು ಪೆನ್ನು ತೆಗೆದ. ಅವನು ಹೇಳಿದ ಒಂದೊಂದು ಮಾತೂ ಸರಿ. ಇವಳು ಹೇಳಿದ ಸುಳ್ಳಿನ ಮೇಲೆ ನಿಂತು ಅವನು ಸರಿಯಾಗಿಯೇ ಯೋಚಿಸುತ್ತಿದ್ದ. ಈಗ, ಎಂದುಕೊಂಡಳು. ಪೆನ್ನಿನ ಮುಚ್ಚಳ ತೆಗೆಯುವುದರೊಳಗೆ. ನುಂಗಲೂ ಆಗದ ಉಗುಳಲೂ ಆಗದ ಬಿಸಿ ತುಪ್ಪ ಬಾಯಲ್ಲಿತ್ತು. ತುಟಿ ತೆರೆಯಿತು, ‘ಡಾಕ್ಟ್ರೇ’ ಎಂಬಷ್ಟು ಹೊರಟಿತು, ಅವನು ತಲೆಯೆತ್ತಿದ. ಅಷ್ಟರಲ್ಲಿ ಯಾಕಮ್ಮ ಮುಂದೆ ಬಂದಳು. ಟೀಚರ ಎದುರಿಗೆ, ಟೀಚರು ಕಲಿಸಿದ್ದನ್ನು ಟೀಚರಿಗೇ ಒಪ್ಪಿಸುವ ಉತ್ಸಾಹ ಅವಳ ಮುಖದಲ್ಲಿತ್ತು. ‘ಸಾರ್, ಒಂದು ನಿಮಿಷ, ನನ್ನ ಕೇಸಿಗೆ ಇದೊಂದು ಕೇಳಿಲ್ಲ’ ಎಂದು ಅತ್ತೆಯ ಕಿವಿಯ ಹತ್ತಿರ ಬಗ್ಗಿ ಕೇಳಿದಳು. ‘ಅಜ್ಜೀ, ಇಲ್ಲಿಗೆ ಬರೋಕೆ ಮುಂಚೆ ಮನೇಲಿ ಯಾರು ಏನು ಕೊಟ್ರು?’

ಅತ್ತೆ ಅವಳನ್ನು ನೋಡಲಿಲ್ಲ. ಸೊಸೆಯನ್ನು ನೋಡಿದರು. ಆ ನೋಟದಲ್ಲಿ ದೂರು ಇರಲಿಲ್ಲ, ಅದೇ ಅವಳನ್ನು ಹೆದರಿಸಿತು. ಮಾವ ಬಟ್ಟೆ ಕತ್ತರಿಸುವ ಮುಂಚೆ ಹೀಗೆ ನೋಡುತ್ತಿದ್ದರು, ಎಷ್ಟು ಬೇಕು, ಎಷ್ಟು ಬಿಡಬೇಕು ಎಂದು. ‘ಯಾರೂ ಕೊಡಲಿಲ್ಲ ಮಗಳೇ’ ಎಂದರು ಅತ್ತೆ. ‘ನಾನೇ ತಗೊಂಡೆ. ನಮ್ಮವರ ಡಬ್ಬೀಲಿ ಹಳೇ ಮಾತ್ರೆ ಇತ್ತು. ಎರಡು ದಿನ ನುಂಗಿದೆ, ಅದೇನೋ ಬಯೋಟಿಕ್ಕೇ. ಇವಳಿಗೆ ಗೊತ್ತಿಲ್ಲ. ಗೊತ್ತಾಗಿದ್ರೆ ನನ್ನ ಕೊಂದೇಬಿಡ್ತಿದ್ಲು.’

ಹುಡುಗಿಯರು ನಕ್ಕರು. ಡಾಕ್ಟರು ನಗಲಿಲ್ಲ. ಪೆನ್ನಿನ ಮುಚ್ಚಳ ಹಾಕಿದ. ‘ಅಯ್ಯೋ ಅಜ್ಜೀ, ಇದನ್ನ ಮೊದಲೇ ಹೇಳೋದಲ್ವಾ? ಇನ್ನು ಈ ರಿಪೋರ್ಟನ್ನ ನಂಬೋ ಹಾಗಿಲ್ಲ. ಇವತ್ತು ನಿಲ್ಲಿಸಿ ಕಳಿಸಿದ್ರೆ ಏನಾಗ್ತಿತ್ತು ಗೊತ್ತಾ ನಿಮಗೆ? ನರ್ಸಿಂಗ್ ಕಾಲೇಜಿನ ಟೀಚರನ್ನ ಮನೇಲಿ ಇಟ್ಕೊಂಡು ಹೀಗೆ ಮಾಡಬಹುದಾ? ಅವರ ಮರ್ಯಾದೆ ಏನಾಗಬೇಕು?’ ಅತ್ತೆ ತಲೆ ತಗ್ಗಿಸಿ ಕೇಳಿಸಿಕೊಂಡರು, ತಪ್ಪು ಮಾಡಿದ ಮಗುವಿನ ಹಾಗೆ. ಇಂಜೆಕ್ಷನ್ ನಡೆಯಲಿ, ಪೂರ್ತಿ ಕೋರ್ಸ್ ಮುಗಿಸೋಣ, ಎಂದು ಅವನು ಸಿಸ್ಟರಿಗೆ ಹೇಳಿದ. ಯಾವ ಮಾತ್ರೆಯೆಂದು ಮೇಡಂ ಮನೆಯಲ್ಲಿ ನೋಡಿ ಹೇಳಲಿ ಎಂದ. ಅವಳು ಆಗಲಿ ಎಂದಳು. ಆ ಹೆಸರು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಅತ್ತೆ ಉಳಿದರು, ಔಷಧಿ ಉಳಿಯಿತು, ತಾನೂ ಉಳಿದೆ ಎಂದು ಮೈಯೆಲ್ಲ ಹಗುರಾದದ್ದು ಅವಳಿಗೆ ತಿಳಿಯಿತು. ಹಗುರಾದದ್ದಕ್ಕೆ ಅಳು ಬಂತು. ಈಗಲೂ ಹೇಳಬಹುದಿತ್ತು. ಈಗ ಹೇಳಿದರೆ ಯಾರ ಜೀವಕ್ಕೂ ಲಾಭವಿಲ್ಲ, ಬರೀ ಸತ್ಯಕ್ಕಷ್ಟೇ. ‘ನೀವಾದ್ರೂ ಸ್ವಲ್ಪ ಬುದ್ಧಿ ಹೇಳಿ ಮೇಡಂ’ ಎಂದು ಡಾಕ್ಟರು ಇವಳ ಕಡೆ ತಿರುಗಿದ. ಎಲ್ಲರೂ ತಿರುಗಿದರು. ಹುಡುಗಿಯರು ಪೆನ್ನು ಹಿಡಿದು, ಮೇಡಂ ಏನು ಹೇಳುತ್ತಾರೋ ಬರೆದುಕೊಳ್ಳಲು ನಿಂತರು.

‘ಇನ್ಮೇಲೆ ಹಾಗೆ ಮಾಡಬಾರದು ಅತ್ತೆ’ ಎಂದಳು. ದನಿ ಕ್ಲಾಸಿನಲ್ಲಿ ಬರುವಷ್ಟೇ ಸ್ಪಷ್ಟವಾಗಿ ಬಂತು. ‘ಉಳಿದ ಮಾತ್ರೆ ಮುಟ್ಟಬಾರದು. ನನ್ನ ಕೇಳಬೇಕು.’

‘ಆಯ್ತಮ್ಮಾ’ ಎಂದರು ಅತ್ತೆ. ‘ಇನ್ಮೇಲೆ ಮಾಡಲ್ಲ.’

ಡಾಕ್ಟರು ಮುಂದಿನ ಮಂಚಕ್ಕೆ ಹೋದ. ಸಾಲೂ ಹಿಂದೆ ಹೋಯಿತು. ಯಾಕಮ್ಮ ಮಾತ್ರ ಹೋಗಲಿಲ್ಲ. ಅಜ್ಜಿಯ ಉತ್ತರವನ್ನು ತನ್ನ ಕೇಸ್ ಹಾಳೆಯಲ್ಲಿ ಬರೆಯಲು ಹೋಗಿ, ‘ತಾನೇ’ ಎಂದು ಬರೆದು, ಅಲ್ಲಿಗೆ ನಿಂತಳು. ಅವಳ ಕಣ್ಣು ಹೊದಿಕೆಯ ಮೇಲಿದ್ದ ಅಜ್ಜಿಯ ಕೈಗಳ ಮೇಲಿತ್ತು. ಊದಿದ ಗೆಣ್ಣು, ವಾಲಿದ ಬೆರಳುಗಳು, ಒಂದಕ್ಕೊಂದು ಸೇರದ ಹೆಬ್ಬೆರಳು ತೋರುಬೆರಳು. ಆಮೇಲೆ ತನ್ನ ಕೋಟಿನ ಜೇಬಿಗೆ ಕೈ ಹಾಕಿ, ಸ್ವಲ್ಪ ಹೊತ್ತಿಗೆ ಮುಂಚೆ ತಾನೇ ಒಡೆದಿದ್ದ ಬಿ.ಪಿ. ಮಾತ್ರೆಯ ಶೀಟನ್ನು ತೆಗೆದು ನೋಡಿದಳು, ಮತ್ತೆ ಜೇಬಿಗೇ ಹಾಕಿಕೊಂಡಳು. ಅತ್ತೆ ಮೆಲ್ಲಗೆ ಎರಡೂ ಕೈಗಳನ್ನು ಹೊದಿಕೆಯೊಳಗೆ ಎಳೆದುಕೊಂಡರು.

ಹುಡುಗಿ ತಲೆಯೆತ್ತಿ ಟೀಚರ ಮುಖ ನೋಡಿದಳು. ಕೇಳೇ, ಎಂದು ಇವಳಿಗೆ ಕೂಗಬೇಕೆನ್ನಿಸಿತು. ಯಾವಾಗಲೂ ಕೇಳುತ್ತೀಯಲ್ಲ, ಈಗ ಒಂದು ಸಲ ಕೇಳು, ನೀನು ಕೇಳಿದರೆ ಹೇಳಿಬಿಡುತ್ತೇನೆ.

‘ಬರ್ತೀನಿ ಮೇಡಂ’ ಎಂದಳು ಯಾಕಮ್ಮ. ಬರೆದದ್ದನ್ನು ಪೂರ್ತಿ ಮಾಡಿ, ಹಾಳೆ ಮಡಚಿಕೊಂಡು, ಏನೂ ಕೇಳದೆ ಹೋದಳು.